ಪಿಜ್ಜಾ ತುಂಡಿಗೆ 25 ವರ್ಷ: ಅಮೆರಿಕದ ‘ಮೂರನೇ ಸ್ಟ್ರೈಕ್’ ಕಾನೂನಿನ ಕಥೆ

(ಸಂಚಿಕೆಯ ಪಠ್ಯರೂಪ)

ಇವತ್ತಿನ ಕಥೆಗೆ ನಿಮ್ಮನ್ನ ಕ್ಯಾಲಿಫೋರ್ನಿಯಾಗೆ ಕರ್ಕೊಂಡು ಹೋಗ್ತೀನಿ. 1994ರ ಜುಲೈ. ಲಾಸ್ ಏಂಜಲೀಸ್ ಹತ್ತಿರದ ರೆಡಾಂಡೊ ಬೀಚ್. ಕಡಲ ದಂಡೆಯಲ್ಲಿ ಒಂದಷ್ಟು ಮಕ್ಕಳು ಪಿಜ್ಜಾ ತಿಂತಾ ಕೂತಿದ್ದಾರೆ. 27 ವರ್ಷದ ಜೆರ್ರಿ ವಿಲಿಯಮ್ಸ್ ಅನ್ನೋನು ಬಂದು ಅವರ ಡಬ್ಬಿಯಿಂದ ಒಂದು ತುಂಡು ಎತ್ಕೊಂಡು ಹೋಗ್ತಾನೆ. ಅಷ್ಟೇ. ಚಾಕು ಇಲ್ಲ, ಗನ್ ಇಲ್ಲ, ಯಾರಿಗೂ ಪೆಟ್ಟಾಗಿಲ್ಲ. ಮುಂದಿನ ವರ್ಷ ಕೋರ್ಟು ಅವನಿಗೆ ಕೊಟ್ಟ ಶಿಕ್ಷೆ: ಕನಿಷ್ಠ 25 ವರ್ಷ, ಅಲ್ಲಿಂದಾಚೆಗೆ ಜೀವಾವಧಿ.

ಇದು ಜೋಕ್ ಥರ ಕೇಳಿಸುತ್ತೆ. ಆ ಕಾಲದ ಪತ್ರಿಕೆಗಳಲ್ಲೂ ಜೋಕ್ ಥರಾನೇ ಓಡಾಡಿತು. ಆದ್ರೆ ಈ ಕಾನೂನಿನ ಹಿಂದೆ ಇದ್ದೋರು ಹುಚ್ಚರಲ್ಲ. ಮಗಳನ್ನು ಕಳ್ಕೊಂಡ ಒಬ್ಬ ಅಪ್ಪ ಇದ್ದ. ಅವನ ಎದುರಿಗೆ ನಿಂತವನೂ ಮಗಳನ್ನು ಕಳ್ಕೊಂಡ ಇನ್ನೊಬ್ಬ ಅಪ್ಪಾನೇ. ನನಗೆ ಈ ಕಥೆಯಲ್ಲಿ ಪಿಜ್ಜಾಗಿಂತ ಆ ಇಬ್ಬರು ಅಪ್ಪಂದಿರೇ ಹೆಚ್ಚು ಕಾಡ್ತಾರೆ.

ಮೊದಲನೆಯವರು ಮೈಕ್ ರೆನಾಲ್ಡ್ಸ್. ಫ್ರೆಸ್ನೊ ಅನ್ನೋ ಊರಲ್ಲಿ ಮದುವೆ ಫೋಟೋ ತೆಗೀತಿದ್ದವರು. ಅವರ ಮಗಳು ಕಿಂಬರ್‌ಗೆ 18 ವರ್ಷ. 1992ರ ಜೂನ್ ಕೊನೆಯಲ್ಲಿ ಒಂದು ರಾತ್ರಿ ಆಕೆ ರೆಸ್ಟೋರೆಂಟಿನಿಂದ ಹೊರಗೆ ಬರ್ತಾಳೆ. ಬೈಕಲ್ಲಿ ಬಂದ ಇಬ್ಬರು ಪರ್ಸ್‌ಗೆ ಕೈ ಹಾಕ್ತಾರೆ. ಆಕೆ ಬಿಡಲಿಲ್ಲ. ಒಬ್ಬ ಗನ್ ತೆಗೆದು ತಲೆಗೇ ಗುಂಡು ಹೊಡೆದ. ಆಸ್ಪತ್ರೆಯಲ್ಲಿ ಒಂದು ದಿನ ಒದ್ದಾಡಿ ಹುಡುಗಿ ಸತ್ತಳು. ನಮ್ಮಲ್ಲಿ ಸರಗಳ್ಳತನದ ಸಿಸಿಟಿವಿ ವಿಡಿಯೊಗಳು ವಾಟ್ಸಾಪಲ್ಲಿ ಬರ್ತಾವಲ್ಲ, ಅದೇ ಥರದ ಕ್ಷಣ. ಬಂದೂಕು ಸಲೀಸಾಗಿ ಸಿಗೋ ದೇಶದಲ್ಲಿ ಅದು ಕೊಲೆಯಾಗಿ ಮುಗೀತು.

ಗುಂಡು ಹೊಡೆದವನು ಪೊಲೀಸರ ಜೊತೆ ಗುಂಡಿನ ಚಕಮಕಿಯಲ್ಲೇ ಸತ್ತ. ಬೈಕಲ್ಲಿದ್ದ ಇನ್ನೊಬ್ಬ ತಪ್ಪೊಪ್ಪಿಕೊಂಡ, ಅವನಿಗೆ ಒಂಬತ್ತು ವರ್ಷ ಆಯ್ತು. ಆಗಿನ ನಿಯಮದಲ್ಲಿ ಸನ್ನಡತೆ ಲೆಕ್ಕ ಹಾಕಿದ್ರೆ ಸುಮಾರು ಅರ್ಧಕ್ಕೇ ಹೊರಗೆ ಬರಬಹುದಿತ್ತು. ಇಬ್ಬರಿಗೂ ಹಳೇ ಕೇಸುಗಳಿದ್ವು. ರೆನಾಲ್ಡ್ಸ್ ಕೇಳಿದ ಪ್ರಶ್ನೆ ಸರಳ: ಇಂಥವರು ಮತ್ತೆ ಮತ್ತೆ ಹೊರಗೆ ಬರೋದು ಹೇಗೆ? ಅವರು ತಮ್ಮ ಮನೆ ಹಿತ್ತಲಲ್ಲಿ ವಕೀಲರು, ಪೊಲೀಸರು, ಜಡ್ಜುಗಳನ್ನ ಕೂರಿಸಿಕೊಂಡು ಒಂದು ಮಸೂದೆ ಬರೆಸಿದರು. 1993ರಲ್ಲಿ ಅದು ಶಾಸನಸಭೆಯ ಸಮಿತಿಯಲ್ಲೇ ಬಿದ್ದುಹೋಯ್ತು. ದುಬಾರಿ, ತೀರಾ ಕಠಿಣ ಅಂತ ಸಮಿತಿಯಲ್ಲಿ ಅನ್ನಿಸಿತ್ತು.

ಆಮೇಲೆ ಪಾಲಿ ಕ್ಲಾಸ್ ಪ್ರಕರಣ ನಡೀತು.

1993ರ ಅಕ್ಟೋಬರ್ 1. ಪೆಟಲೂಮಾ ಅನ್ನೋ ಸಣ್ಣ ಊರು. 12 ವರ್ಷದ ಪಾಲಿ ಮನೆಯಲ್ಲಿ ಗೆಳತಿಯರ ಜೊತೆ ರಾತ್ರಿ ಕಳೀತಿದ್ದಾಳೆ. ಅಮ್ಮ ಪಕ್ಕದ ಕೋಣೆಯಲ್ಲಿ ಮಲಗಿದ್ದಾರೆ. ಚಾಕು ಹಿಡಿದ ಒಬ್ಬ ಗಂಡಸು ಒಳಗೆ ಬಂದು, ಉಳಿದ ಹುಡುಗಿಯರನ್ನ ಕಟ್ಟಿಹಾಕಿ, ಪಾಲಿಯನ್ನ ಎತ್ಕೊಂಡು ಹೋದ. ಎರಡು ತಿಂಗಳು ಇಡೀ ಅಮೆರಿಕ ಹುಡುಕಿತು. ಅದೇ ಊರಲ್ಲಿ ಬೆಳೆದ ನಟಿ ವಿನೋನಾ ರೈಡರ್ 2 ಲಕ್ಷ ಡಾಲರ್ ಬಹುಮಾನ ಘೋಷಿಸಿದರು. ಡಿಸೆಂಬರ್‌ನಲ್ಲಿ ಹೆಣ ಸಿಕ್ಕಿತು. ಕೊಂದವನು ರಿಚರ್ಡ್ ಅಲೆನ್ ಡೇವಿಸ್. ಹಿಂದೆಯೇ ಅಪಹರಣದ ಕೇಸಲ್ಲಿ 16 ವರ್ಷ ಶಿಕ್ಷೆಯಾಗಿತ್ತು. ಅದರಲ್ಲಿ ಅರ್ಧ ಮುಗಿಸಿ ಅದೇ ವರ್ಷದ ಜೂನ್‌ನಲ್ಲಿ ಪರೋಲ್ ಮೇಲೆ ಹೊರಗೆ ಬಂದಿದ್ದ.

ಯೋಚನೆ ಮಾಡಿ. ಈ ಸುದ್ದಿ ಕೇಳಿದ ಯಾವ ಅಪ್ಪ-ಅಮ್ಮ ಸುಮ್ಮನಿರ್ತಾರೆ? ರೆನಾಲ್ಡ್ಸ್ ಅವರ ಬಿದ್ದುಹೋದ ಮಸೂದೆ ರಾತ್ರೋರಾತ್ರಿ ಎದ್ದು ಕೂತಿತು. ಕ್ಯಾಲಿಫೋರ್ನಿಯಾದಲ್ಲಿ ಜನರೇ ಸಹಿ ಸಂಗ್ರಹಿಸಿ ಕಾನೂನನ್ನ ನೇರ ಮತಕ್ಕೆ ಹಾಕಬಹುದು. ಸಹಿಗಳು ರಾಶಿ ರಾಶಿ ಬಂದ್ವು. 1994 ಚುನಾವಣೆಯ ವರ್ಷ ಬೇರೆ. ಗವರ್ನರ್ ಪೀಟ್ ವಿಲ್ಸನ್ ಮತ್ತೆ ಗೆಲ್ಲಬೇಕಿತ್ತು. (ಅಲ್ಲಿ ಗವರ್ನರ್ ಅಂದ್ರೆ ನಮ್ಮ ರಾಜ್ಯಪಾಲರ ಥರ ಅಲ್ಲ, ಮುಖ್ಯಮಂತ್ರಿ ಇದ್ದ ಹಾಗೆ.) ಜನವರಿಯಲ್ಲಿ ಅಧ್ಯಕ್ಷ ಕ್ಲಿಂಟನ್ ಕೂಡ ತಮ್ಮ ವಾರ್ಷಿಕ ಭಾಷಣದಲ್ಲಿ ಇದೇ ಮಾತು ಎತ್ತಿದ್ದರು. ಎಡ ಬಲ ಅನ್ನದೆ ಎಲ್ಲರೂ ಒಂದೇ ಕಡೆ ಓಡ್ತಿದ್ದರು. ಮಾರ್ಚ್ 7, 1994ರಂದು ವಿಲ್ಸನ್ ಸಹಿ ಹಾಕಿದರು. ನವೆಂಬರ್‌ನಲ್ಲಿ ಜನರ ಮತಕ್ಕೂ ಹೋಯ್ತು, ‘ಪ್ರೊಪೊಸಿಷನ್ 184’ ಅನ್ನೋ ಹೆಸರಲ್ಲಿ. ಶೇಕಡಾ 72ರಷ್ಟು ಜನ ಹೌದು ಅಂದರು.

ಹೆಸರು ಬಂದಿದ್ದು ಬೇಸ್‌ಬಾಲ್‌ನಿಂದ. ಅಲ್ಲಿ ಮೂರು ಸ್ಟ್ರೈಕ್ ಆದ್ರೆ ಬ್ಯಾಟ್ಸ್‌ಮನ್ ಔಟ್. ಕ್ರಿಕೆಟ್‌ನಲ್ಲಿ ಒಂದೇ ಬಾಲ್‌ಗೆ ಔಟಾಗ್ತಾರೆ, ಪುಣ್ಯಕ್ಕೆ ಆ ಕಾನೂನು ಬರೆದವರು ಕ್ರಿಕೆಟ್ ಆಡ್ತಿರಲಿಲ್ಲ.

ಕಾನೂನು ಹೇಳೋದೇನು ಅಂತ ಸ್ವಲ್ಪ ನಿಧಾನಕ್ಕೆ ಕೇಳಿ, ಯಾಕಂದ್ರೆ ಗಂಟು ಇರೋದು ಇಲ್ಲೇ. ‘ಗಂಭೀರ’ ಅಥವಾ ‘ಹಿಂಸಾತ್ಮಕ’ ಅಂತ ಪಟ್ಟಿ ಮಾಡಿರೋ ಅಪರಾಧ ಒಂದು ಮಾಡಿದ್ರೆ ಅದು ಮೊದಲ ಸ್ಟ್ರೈಕ್. ಆಮೇಲೆ ಮತ್ತೊಂದು ದೊಡ್ಡ ಅಪರಾಧ ಮಾಡಿದ್ರೆ ಶಿಕ್ಷೆ ದುಪ್ಪಟ್ಟು. ಎರಡು ಸ್ಟ್ರೈಕ್ ಇರೋನು ಮೂರನೇ ಸಲ ಸಿಕ್ಕಿಬಿದ್ರೆ ಕನಿಷ್ಠ 25 ವರ್ಷ, ಆಮೇಲೂ ಪರೋಲ್ ಮಂಡಳಿ ಒಪ್ಪಿದ್ರೆ ಮಾತ್ರ ಹೊರಗೆ. ಆದ್ರೆ ಆ ಮೂರನೇ ಅಪರಾಧ ಹಿಂಸೆಯದ್ದೇ ಆಗಬೇಕು ಅಂತ ಇರಲಿಲ್ಲ! ‘ಫೆಲನಿ’ ದರ್ಜೆಯ ಯಾವ ಅಪರಾಧವಾದ್ರೂ ಸಾಕು. ಕ್ಯಾಲಿಫೋರ್ನಿಯಾದಲ್ಲಿ ಚಿಲ್ಲರೆ ಕಳ್ಳತನಾನೂ, ಕಳ್ಳನಿಗೆ ಹಿಂದೆ ಶಿಕ್ಷೆಯಾಗಿದ್ದರೆ, ಫೆಲನಿ ಅಂತ ಹಾಕೋಕೆ ಸರ್ಕಾರಿ ವಕೀಲರಿಗೆ ಅವಕಾಶ ಇತ್ತು. ಹಳೇ ಕೇಸಿಗೆ ವಯಸ್ಸಿನ ಮಿತಿಯೂ ಇಲ್ಲ. ಹದಿನೈದು ವರ್ಷ ಹಿಂದಿನದೂ ಲೆಕ್ಕ. ಒಂದೇ ವಿಚಾರಣೆಯಲ್ಲಿ ಸಾಬೀತಾದ ಮೂರು ಕಳ್ಳತನಗಳು ಮೂರು ಸ್ಟ್ರೈಕ್ ಆಗಬಹುದು. ಯಾರೂ ಇಲ್ಲದ ಮನೆಗೆ ನುಗ್ಗಿ ಕದ್ದರೂ ಅದು ‘ಗಂಭೀರ’ ಪಟ್ಟಿಯಲ್ಲೇ ಇತ್ತು.

‘ಅಡಿಕೆ ಕದ್ದರೂ ಕಳ್ಳ, ಆನೆ ಕದ್ದರೂ ಕಳ್ಳ’ ಅಂತ ನಮ್ಮಲ್ಲಿ ಗಾದೆ ಇದೆ. ಕಳ್ಳ ಅನ್ನೋ ಹೆಸರಿಗೆ ಆ ಗಾದೆ ಸರಿ. ಆದ್ರೆ ಯಾವ ಊರಿನ ಪಂಚಾಯ್ತಿಯೂ ಅಡಿಕೆ ಕದ್ದವನಿಗೂ ಆನೆ ಕದ್ದವನಿಗೂ ಒಂದೇ ದಂಡ ಹಾಕಲ್ಲ. ಕ್ಯಾಲಿಫೋರ್ನಿಯಾ ಹಾಕಿತು.

ಈಗ ಎರಡನೇ ಅಪ್ಪ. ಮಾರ್ಕ್ ಕ್ಲಾಸ್, ಪಾಲಿಯ ತಂದೆ. ಮೊದಲು ಇವರೂ ರೆನಾಲ್ಡ್ಸ್ ಜೊತೆ ಕೈಜೋಡಿಸಿದ್ದರು. ಆಮೇಲೆ ಮಸೂದೆಯನ್ನ ಸರಿಯಾಗಿ ಓದಿದರು. ತನ್ನ ಮಗಳನ್ನು ಕೊಂದಂಥವನನ್ನು ತಡೆಯೋ ಹೆಸರಲ್ಲಿ ಕಾರ್ ರೇಡಿಯೊ ಕದಿಯೋರನ್ನೂ ಜೀವಮಾನಪೂರ್ತಿ ಜೈಲಿಗೆ ಹಾಕೋಕೆ ಹೊರಟಿದ್ದಾರೆ ಅನ್ನೋದು ಅವರಿಗೆ ಗೊತ್ತಾಯ್ತು. ತಮ್ಮ ಮನೆಯಲ್ಲಿ ವಸ್ತು ಕಳುವಾಗೋದೂ, ಮಗಳು ಕಳೆದುಹೋಗೋದೂ ಒಂದೇ ಅಲ್ಲ ಅನ್ನೋದು ಅವರ ವಾದ. ಅವರು ಬಹಿರಂಗವಾಗಿ ವಿರೋಧಕ್ಕೆ ಬಂದರು. ಹಿಂಸೆಯ ಅಪರಾಧಗಳಿಗೆ ಮಾತ್ರ ಸೀಮಿತವಾದ ಇನ್ನೊಂದು ಮಸೂದೆ ಆಗ ಸದನದ ಮುಂದೆ ಇತ್ತು. ರಾಜ್ಯದ ಸರ್ಕಾರಿ ವಕೀಲರ ಸಂಘವೇ ಅದರ ಕಡೆ ಇತ್ತು. ಆದರೂ ಅದು ಸೋತಿತು. ಚುನಾವಣೆಯ ವರ್ಷದಲ್ಲಿ ‘ನಾನು ಸ್ವಲ್ಪ ಮೆದು’ ಅಂತ ಹೇಳಿಸಿಕೊಳ್ಳೋಕೆ ಯಾವ ರಾಜಕಾರಣಿಗೆ ಧೈರ್ಯ ಇರುತ್ತೆ?

ಪಾಲಿಯನ್ನ ಕೊಂದ ಡೇವಿಸ್‌ಗೆ 1996ರಲ್ಲಿ ಮರಣದಂಡನೆಯ ತೀರ್ಪಾಯ್ತು, ಹಳೇ ಕಾನೂನಿನ ಕೆಳಗೇ. ಅವನಿಗೆ ಹೊಸ ಕಾನೂನು ಬೇಕಾಗಲೇ ಇಲ್ಲ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರು ಅಂತಾರಲ್ಲ, ಬರೆ ಬಿದ್ದಿದ್ದು ಪಿಜ್ಜಾ ಕದ್ದವನಿಗೆ.

ಈ ಥರದ ಕಾನೂನು 1994ರಲ್ಲೇ ಮೊದಲು ಹುಟ್ಟಿದ್ದೂ ಅಲ್ಲ. 1926ರಲ್ಲಿ ನ್ಯೂಯಾರ್ಕ್ ‘ಬಾಮ್ಸ್ ಕಾನೂನು’ ತಂದಿತ್ತು: ನಾಲ್ಕನೇ ಫೆಲನಿಗೆ ಜೀವಾವಧಿ. ಬೇರೆ ರಾಜ್ಯಗಳೂ ಹಿಂಬಾಲಿಸಿದವು. 1928ರಲ್ಲಿ, ಮದ್ಯನಿಷೇಧದ ಕಾಲ, ಮಿಷಿಗನ್‌ನಲ್ಲಿ ಎಟ್ಟಾ ಮೇ ಮಿಲ್ಲರ್ ಅನ್ನೋ ಹೆಂಗಸಿಗೆ ಜೀವಾವಧಿ ಆಯ್ತು. ಹತ್ತು ಮಕ್ಕಳ ತಾಯಿ. ತಪ್ಪು? ಸ್ವಲ್ಪ ಜಿನ್ ಮಾರಿದ್ದು, ಅದೂ ನಾಲ್ಕನೇ ಸಲ. ಆಗಲೂ ದೇಶವೆಲ್ಲ ಗಲಾಟೆ ಎದ್ದಿತ್ತು. ಅಂದ್ರೆ ಪಿಜ್ಜಾ ಕಥೆಯನ್ನ ಅಮೆರಿಕ 66 ವರ್ಷ ಮೊದಲೇ ಒಂದು ಸಲ ನೋಡಿತ್ತು. ನೆನಪಿರಲಿಲ್ಲ, ಅಷ್ಟೇ.

ಮತ್ತೆ ಜೆರ್ರಿ ವಿಲಿಯಮ್ಸ್ ಏನಾದ? 1996ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ರೊಮೆರೊ ಅನ್ನೋ ಕೇಸಲ್ಲಿ ಒಂದು ಮಾತು ಹೇಳಿತು: ನ್ಯಾಯಕ್ಕಾಗಿ ಬೇಕಾದ್ರೆ ಜಡ್ಜ್ ಹಳೇ ಸ್ಟ್ರೈಕನ್ನ ಲೆಕ್ಕಕ್ಕೆ ತಗೊಳ್ಳದೆ ಬಿಡಬಹುದು. ಅದರಿಂದ ವಿಲಿಯಮ್ಸ್‌ನ ಶಿಕ್ಷೆ 1997ರಲ್ಲಿ ಆರು ವರ್ಷಕ್ಕೆ ಇಳೀತು. ಐದು ವರ್ಷ ಚಿಲ್ಲರೆ ಕಳೆದು ಹೊರಗೆ ಬಂದ. ಸುದ್ದಿಯಾದ ಕಾರಣ ಅವನು ಅದೃಷ್ಟವಂತ. ಸುದ್ದಿಯಾಗದವರು ಸಾವಿರಾರು ಜನ ಒಳಗಿದ್ದರು.

ಅವರಲ್ಲಿ ಇಬ್ಬರ ಕೇಸು ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೂ ಹೋಯ್ತು. ಇಲ್ಲಿ ಸ್ವಲ್ಪ ನಿಲ್ಲೋಣ.

ಒಬ್ಬ ಲಿಯಾಂಡ್ರೊ ಆಂಡ್ರಾಡೆ. ಹಿಂದೆ ಸೈನ್ಯದಲ್ಲಿದ್ದವನು, ಹೆರಾಯಿನ್ ಚಟ. 1995ರಲ್ಲಿ ಕೆಮಾರ್ಟ್ ಅಂಗಡಿಯಲ್ಲಿ ಐದು ವಿಡಿಯೊ ಕ್ಯಾಸೆಟ್ ಪ್ಯಾಂಟಿನೊಳಗೆ ತುರುಕಿಕೊಂಡ. ಎರಡು ವಾರ ಬಿಟ್ಟು ಇನ್ನೊಂದು ಕೆಮಾರ್ಟಲ್ಲಿ ನಾಲ್ಕು. ‘ಸ್ನೋ ವೈಟ್’, ‘ಸಿಂಡ್ರೆಲಾ’ ಥರದ ಸಿನಿಮಾಗಳು. ಒಟ್ಟು ಬೆಲೆ ಸುಮಾರು 150 ಡಾಲರ್. 1983ರಲ್ಲಿ ಮನೆಗಳಿಗೆ ನುಗ್ಗಿ ಕದ್ದ ಕೇಸುಗಳು ಅವನ ಹಳೇ ಸ್ಟ್ರೈಕ್. ಎರಡು ಕಳ್ಳತನಕ್ಕೆ ಒಂದರ ಮೇಲೊಂದು, 25 ಮತ್ತು 25. ಒಟ್ಟು 50 ವರ್ಷ. ಪರೋಲ್ ಕೇಳೋ ಹೊತ್ತಿಗೆ ಅವನಿಗೆ 87 ಆಗಬೇಕು.

ಇನ್ನೊಬ್ಬ ಗ್ಯಾರಿ ಯೂಯಿಂಗ್. 2000ನೇ ಇಸವಿಯಲ್ಲಿ ಒಂದು ಗಾಲ್ಫ್ ಮೈದಾನದ ಅಂಗಡಿಯಿಂದ ಮೂರು ಗಾಲ್ಫ್ ಕೋಲುಗಳನ್ನ ಪ್ಯಾಂಟಿನ ಕಾಲೊಳಗೆ ಇಟ್ಟುಕೊಂಡು ಹೊರಗೆ ನಡೆದ. ಕುಂಟ್ತಾ ನಡೀತಿದ್ದನ್ನ ನೋಡಿ ಅಂಗಡಿಯವರಿಗೆ ಅನುಮಾನ ಬಂತು. ಒಂದೊಂದು ಕೋಲು 399 ಡಾಲರ್. 25 ವರ್ಷದಿಂದ ಜೀವಾವಧಿ.

ಯೂಯಿಂಗ್ ಕೇಸು ಸುಲಭದ್ದಲ್ಲ, ಅದನ್ನ ಮುಚ್ಚಿಡೋದು ಸರಿಯಲ್ಲ. ಇವನ ಹಳೇ ಪಟ್ಟಿ ಉದ್ದ ಇತ್ತು. 1993ರಲ್ಲಿ ಒಂದು ಅಪಾರ್ಟ್‌ಮೆಂಟಿನ ಮನೆಗಳಲ್ಲಿ ಕಳ್ಳತನ ಮಾಡಿದ್ದ, ಅಲ್ಲೇ ಚಾಕು ತೋರಿಸಿ ಸುಲಿಗೆ ಮಾಡಿದ್ದ. ಗಾಲ್ಫ್ ಕೋಲು ಕದ್ದಾಗ ಪರೋಲ್ ಮೇಲಿದ್ದ. ಆ ಅಪಾರ್ಟ್‌ಮೆಂಟಲ್ಲಿ ನಿಮ್ಮ ಅಜ್ಜಿ ಇದ್ದಿದ್ರೆ ‘ಪಾಪ, ಬರೀ ಗಾಲ್ಫ್ ಕೋಲು’ ಅಂತೀರಾ? ರೆನಾಲ್ಡ್ಸ್ ಕಡೆಯವರ ವಾದದ ಜೀವ ಇರೋದು ಇಲ್ಲೇ: ಶಿಕ್ಷೆ ಆ ಕೋಲಿಗಲ್ಲ, ಎಷ್ಟು ಸಲ ಹೇಳಿದ್ರೂ ಕೇಳದ ಮನುಷ್ಯನಿಗೆ.

2003ರ ಮಾರ್ಚ್ 5ರಂದು ಎರಡೂ ತೀರ್ಪು ಬಂದ್ವು. ಎರಡರಲ್ಲೂ 5-4. ಎರಡನ್ನೂ ಬರೆದವರು ನ್ಯಾಯಮೂರ್ತಿ ಸಾಂಡ್ರಾ ಡೇ ಓಕಾನರ್. ಪದೇ ಪದೇ ಅಪರಾಧ ಮಾಡೋರನ್ನ ಎಷ್ಟು ದಿನ ಒಳಗಿಡಬೇಕು ಅನ್ನೋದು ರಾಜ್ಯದ ಶಾಸಕರ ನಿರ್ಧಾರ, ಅದಕ್ಕೆ ಕೋರ್ಟು ಕೈಹಾಕಬಾರದು ಅನ್ನೋದು ತಿರುಳು. ಅಮೆರಿಕದ ಸಂವಿಧಾನದ ಎಂಟನೇ ತಿದ್ದುಪಡಿ ‘ಕ್ರೂರ ಮತ್ತು ಅಸಹಜ ಶಿಕ್ಷೆ’ ಬೇಡ ಅನ್ನುತ್ತೆ, ಆದ್ರೆ ಇದು ಆ ಗೆರೆ ದಾಟಿಲ್ಲ ಅಂದರು. ಆಂಡ್ರಾಡೆ ಕೇಸಲ್ಲಿ ಭಿನ್ನಮತ ಬರೆದ ನ್ಯಾಯಮೂರ್ತಿ ಸೌಟರ್, ಈ ಶಿಕ್ಷೆಯೂ ಅಳತೆ ಮೀರಿದ್ದಲ್ಲ ಅಂತಾದ್ರೆ ‘ಅಳತೆ’ ಅನ್ನೋ ತತ್ವಕ್ಕೇ ಅರ್ಥ ಉಳಿಯಲ್ಲ ಅಂದರು. ನಾನು ಸೌಟರ್ ಕಡೆ. ಆದ್ರೆ ಒಂದು ಮತದಿಂದ ಸೋತ ಮಾತು ಕಾನೂನಾಗಲ್ಲ. ಯೂಯಿಂಗ್‌ಗೆ ಏಡ್ಸ್ ಇತ್ತು. 2012ರಲ್ಲಿ ಜೈಲಲ್ಲೇ ತೀರಿಕೊಂಡ.

ಹಾಗಾದ್ರೆ ಕಾನೂನು ಕೆಲಸ ಮಾಡಿತಾ? ಬೆಂಬಲಿಗರು ತೋರಿಸೋ ಅಂಕಿ ನಿಜಾನೇ. 1993ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸುಮಾರು 4,000 ಕೊಲೆ ನಡೆದಿದ್ವು, 1999ಕ್ಕೆ ಅದು ಸುಮಾರು 2,000ಕ್ಕೆ ಇಳಿದಿತ್ತು. ಅರ್ಧಕ್ಕರ್ಧ! ಆದ್ರೆ ತ್ರೀ ಸ್ಟ್ರೈಕ್ಸ್ ತರದ ನ್ಯೂಯಾರ್ಕ್ ನಗರವನ್ನ ನೋಡಿ. 1990ರಲ್ಲಿ 2,200 ದಾಟಿದ್ದ ಕೊಲೆಗಳು 1998ಕ್ಕೆ 650ರೊಳಗೆ ಬಂದ್ವು. ಕ್ಯಾಲಿಫೋರ್ನಿಯಾದೊಳಗೇ ಸ್ಯಾನ್ ಫ್ರಾನ್ಸಿಸ್ಕೊದ ಸರ್ಕಾರಿ ವಕೀಲರು ಈ ಕಾನೂನನ್ನ ತೀರಾ ಅಪರೂಪಕ್ಕೆ ಬಳಸಿದರು, ಅಲ್ಲೂ ಅಪರಾಧ ಇಳೀತು. ಇಡೀ ದೇಶದಲ್ಲೇ ಇಳಿಯುತ್ತಿದ್ದ ಕಾಲ ಅದು. ಬರ್ಕ್ಲಿಯ ಫ್ರಾಂಕ್ಲಿನ್ ಜಿಮ್ರಿಂಗ್ ಮತ್ತು ಜೊತೆಗಾರರು 2001ರಲ್ಲಿ ಪುಸ್ತಕ ಬರೆದು, ಇಳಿಕೆಯ ಕೀರ್ತಿ ಈ ಕಾನೂನಿಗೆ ಸಲ್ಲೋದು ತುಂಬ ಕಡಿಮೆ ಅಂದರು.

ಪರಿಣಾಮ ಸೊನ್ನೆಯೇನಲ್ಲ. ಹೆಲ್ಯಾಂಡ್ ಮತ್ತು ಟಬರಾಕ್ ಅನ್ನೋ ಅರ್ಥಶಾಸ್ತ್ರಜ್ಞರು 2007ರಲ್ಲಿ ಲೆಕ್ಕ ಹಾಕಿದ ಪ್ರಕಾರ, ಎರಡು ಸ್ಟ್ರೈಕ್ ಇದ್ದವರು ಫೆಲನಿಗೆ ಬಂಧನವಾಗೋ ಪ್ರಮಾಣ ಶೇಕಡಾ 17ರಿಂದ 20ರಷ್ಟು ಕಡಿಮೆಯಾಯ್ತು. ಜನ ಹೆದರಿದರು, ಹೌದು. ಆದ್ರೆ ಖರ್ಚು ನೋಡಿದ್ರೆ ಅದೇ ದುಡ್ಡನ್ನ ಪೊಲೀಸಿಗೆ ಹಾಕಿದ್ರೆ ಹೆಚ್ಚು ಲಾಭ ಅನ್ನೋದೂ ಅವರ ಮಾತೇ. ಇನ್ನೊಬ್ಬ ಸಂಶೋಧಕಿ ರಾಧಾ ಅಯ್ಯಂಗಾರ್ ಮತ್ತೊಂದು ವಿಚಿತ್ರ ಗಮನಿಸಿದರು: ಅಪರಾಧ ಮಾಡೋರು ಕಡಿಮೆಯಾದ್ರು, ಆದ್ರೆ ಮಾಡಿದವರ ಅಪರಾಧ ಹೆಚ್ಚು ಹಿಂಸೆಯದ್ದಾಯ್ತು. ಪರ್ಸ್ ಕದ್ರೂ 25 ವರ್ಷ, ಗನ್ ತೋರಿಸಿದ್ರೂ 25 ವರ್ಷ ಅಂದ್ರೆ ಕೆಲವರು ಗನ್ನೇ ತಗೊಂಡು ಹೋಗ್ತಾರೆ. ಇದು ಅಡಿಕೆ-ಆನೆ ಲೆಕ್ಕದ ಅಡ್ಡ ಪರಿಣಾಮ.

ಜೊತೆಗೆ ವಯಸ್ಸು. ಕಳ್ಳತನ, ಹೊಡೆದಾಟ ಹೆಚ್ಚಾಗಿ ಹರೆಯದವರ ಕೆಲಸ. ನಲವತ್ತು ದಾಟಿದ ಮೇಲೆ ಬಹಳ ಜನ ತಾವಾಗೇ ಸುಮ್ಮನಾಗ್ತಾರೆ. ಮೂರನೇ ಸ್ಟ್ರೈಕ್ ಬೀಳೋ ಹೊತ್ತಿಗೆ ಮನುಷ್ಯ ಆ ವಯಸ್ಸಿನ ಹತ್ತಿರಾನೇ ಇರ್ತಾನೆ. ಅಲ್ಲಿಂದ ಅರವತ್ತು, ಎಪ್ಪತ್ತರವರೆಗೆ ಅವನ ಬಿಪಿ, ಶುಗರ್, ಡಯಾಲಿಸಿಸ್ ಎಲ್ಲ ಸರ್ಕಾರದ ಖರ್ಚು. ಕ್ಯಾಲಿಫೋರ್ನಿಯಾದ ಜೈಲುಗಳು ಎಷ್ಟು ತುಂಬಿ ತುಳುಕಿದವು ಅಂದ್ರೆ 2011ರಲ್ಲಿ ಅದೇ ಸುಪ್ರೀಂ ಕೋರ್ಟ್, ಕೈದಿಗಳ ಸಂಖ್ಯೆಯನ್ನ ಜೈಲುಗಳ ಸಾಮರ್ಥ್ಯದ ಶೇಕಡಾ 137.5ಕ್ಕೆ ಇಳಿಸಿ ಅನ್ನೋ ಆದೇಶವನ್ನ ಎತ್ತಿಹಿಡೀತು. ಗಮನಿಸಿ, ಇಳಿಸಿದ ಮೇಲೂ 137.5!

ಇನ್ನು ಯಾರಿಗೆ ಬಿತ್ತು ಈ ಶಿಕ್ಷೆ ಅನ್ನೋದು. ರಾಜ್ಯದ ಜನಸಂಖ್ಯೆಯಲ್ಲಿ ಕಪ್ಪು ಜನ ಶೇಕಡಾ 7ರ ಆಸುಪಾಸು. ಮೂರನೇ ಸ್ಟ್ರೈಕ್‌ನಲ್ಲಿ ಜೀವಾವಧಿ ಅನುಭವಿಸ್ತಿದ್ದವರಲ್ಲಿ ಅವರು ಹತ್ತಿರ ಹತ್ತಿರ ಅರ್ಧ. ಹಳೇ ಕೇಸುಗಳ ಮೇಲೆ ಹೊಸ ಶಿಕ್ಷೆ ಕಟ್ಟಿದ್ರೆ, ಹಳೇ ಕೇಸು ಯಾರ ಮೇಲೆ ಹೆಚ್ಚು ಬೀಳ್ತಿತ್ತೋ ಅವರ ಮೇಲೇ ಹೊಸದೂ ಬೀಳುತ್ತೆ. ಪೊಲೀಸ್ ಗಾಡಿ ದಿನಾ ಸುತ್ತೋ ಬೀದಿಯ ಹುಡುಗನಿಗೆ ಇಪ್ಪತ್ತಕ್ಕೇ ಎರಡು ಕೇಸಿರುತ್ತೆ. ಗಾಡಿ ಬಾರದ ಬೀದಿಯಲ್ಲಿ ಅದೇ ತಪ್ಪು ಮಾಡಿದವನಿಗೆ ಒಂದೂ ಇರಲ್ಲ.

2004ರಲ್ಲಿ ಕಾನೂನು ತಿದ್ದೋ ಮೊದಲ ದೊಡ್ಡ ಪ್ರಯತ್ನ ನಡೀತು, ಪ್ರೊಪೊಸಿಷನ್ 66. ಸಮೀಕ್ಷೆಗಳಲ್ಲಿ ಗೆಲ್ತಾ ಇತ್ತು. ಕೊನೇ ದಿನಗಳಲ್ಲಿ ಗವರ್ನರ್ ಟಿವಿಗೆ ಬಂದು ಬೇಡ ಅಂದರು. ಗವರ್ನರ್ ಯಾರು ಗೊತ್ತಾ? ಅರ್ನಾಲ್ಡ್ ಶ್ವಾರ್ಜ್‌ನೆಗರ್, ನಮ್ಮ ಟರ್ಮಿನೇಟರ್. ಪ್ರಚಾರಕ್ಕೆ ದುಡ್ಡು ಸುರಿದವರು ಬ್ರಾಡ್‌ಕಾಮ್ ಕಂಪನಿಯ ಹೆನ್ರಿ ನಿಕೋಲಸ್. ಅವರ ತಂಗಿಯ ಕೊಲೆಯೂ ಆಗಿತ್ತು. ಮತ್ತೆ ನೋಡಿ, ಈ ಕಥೆಯಲ್ಲಿ ಎಲ್ಲ ಕಡೆ ಯಾರೋ ಒಬ್ಬ ಹುಡುಗಿ ಸತ್ತಿದ್ದಾಳೆ. ಶೇಕಡಾ 53 ಜನ ತಿದ್ದುಪಡಿಯನ್ನ ತಿರಸ್ಕರಿಸಿದರು.

ಎಂಟು ವರ್ಷ ಬಿಟ್ಟು, 2012ರ ನವೆಂಬರ್‌ನಲ್ಲಿ, ಪ್ರೊಪೊಸಿಷನ್ 36 ಬಂತು. ಮೂರನೇ ಅಪರಾಧವೂ ಗಂಭೀರ ಅಥವಾ ಹಿಂಸಾತ್ಮಕ ಆಗಿರಲೇಬೇಕು, ಕೆಲವು ಅಪವಾದ ಬಿಟ್ಟು. ಈಗಾಗಲೇ ಒಳಗಿರೋರು ಕೋರ್ಟಿಗೆ ಅರ್ಜಿ ಹಾಕಬಹುದು. ಈ ಸಲ ಲಾಸ್ ಏಂಜಲೀಸ್‌ನ ಮುಖ್ಯ ಸರ್ಕಾರಿ ವಕೀಲ ಸ್ಟೀವ್ ಕೂಲಿ, ರಿಪಬ್ಲಿಕನ್ ಮನುಷ್ಯ, ಬೆಂಬಲಕ್ಕೆ ನಿಂತರು. ಶೇಕಡಾ 69 ಮತ ಬಿತ್ತು. 1994ರಲ್ಲಿ 72 ಶೇಕಡಾ ‘ಹಾಕಿ ಒಳಗೆ’ ಅಂದ ಅದೇ ರಾಜ್ಯ! ಮೊದಲ ವರ್ಷದೊಳಗೇ ಸಾವಿರಕ್ಕೂ ಹೆಚ್ಚು ಜನ ಹೊರಗೆ ಬಂದರು. ಸ್ಟ್ಯಾನ್‌ಫರ್ಡ್‌ನವರು 2013ರಲ್ಲಿ ಕೊಟ್ಟ ವರದಿ ಪ್ರಕಾರ ಅವರಲ್ಲಿ ಮತ್ತೆ ಹೊಸ ಕೇಸಲ್ಲಿ ಸಿಕ್ಕಿಬಿದ್ದವರು ಶೇಕಡಾ 2ಕ್ಕೂ ಕಡಿಮೆ. ಆದ್ರೆ ಜಡ್ಜ್ ಒಬ್ಬೊಬ್ಬರನ್ನೇ ಕೂತು ನೋಡಿ, ಇವನಿಂದ ಅಪಾಯ ಇಲ್ಲ ಅಂತ ಅನ್ನಿಸಿದವರನ್ನ ಮಾತ್ರ ಬಿಟ್ಟಿದ್ದು, ಅದೂ ನೆನಪಿರಲಿ. ನನ್ನ ಪ್ರಕಾರ 1994ರ ಕಾನೂನು ಕಿತ್ತುಕೊಂಡಿದ್ದು ಅದನ್ನೇ. ಕಟಕಟೆಯಲ್ಲಿ ನಿಂತಿರೋ ಮನುಷ್ಯ ಯಾರು, ಏನು ಕದ್ದ, ಎಷ್ಟು ವರ್ಷ ಸುಮ್ಮನಿದ್ದ, ಈಗ ಯಾಕೆ ಕದ್ದ ಅಂತ ತೂಗಿ ನೋಡೋ ಅಧಿಕಾರ. ಹಳೇ ಅಪರಾಧ ಲೆಕ್ಕಕ್ಕೇ ಬರಬಾರದು ಅಂತ ನಾನು ಹೇಳಲ್ಲ. ಚಾಕು ತೋರಿಸಿದವನು ಮತ್ತೆ ಚಾಕು ತೋರಿಸಿದ್ರೆ ಶಿಕ್ಷೆ ಏರಲೇಬೇಕು. ಆದ್ರೆ ಹಳೇ ಚಾಕುವಿನ ಲೆಕ್ಕವನ್ನ ಹೊಸ ಕ್ಯಾಸೆಟ್ ಮೇಲೆ ತೀರಿಸಿಕೊಳ್ಳೋದು, ಒಂದು ಸಲ ಶಿಕ್ಷೆ ಅನುಭವಿಸಿ ಮುಗಿಸಿದ ಅಪರಾಧಕ್ಕೆ ಇನ್ನೊಂದು ಸಲ ಶಿಕ್ಷೆ ಕೊಟ್ಟ ಹಾಗೆ.

ನಮ್ಮಲ್ಲಿ ಹೇಗೆ ಅಂತ ನೀವು ಕೇಳೇ ಕೇಳ್ತೀರಿ. 1860ರ ಭಾರತೀಯ ದಂಡ ಸಂಹಿತೆಯ 75ನೇ ಕಲಂ ಇದೇ ಜಾತಿಯದ್ದು. ಖೋಟಾ ನಾಣ್ಯ, ಕಳ್ಳತನದಂಥ ಅಪರಾಧಗಳಲ್ಲಿ ಮೂರು ವರ್ಷ ಅಥವಾ ಹೆಚ್ಚಿನ ಶಿಕ್ಷೆ ಇರೋ ಕೇಸು ಎರಡನೇ ಸಲ ಸಾಬೀತಾದ್ರೆ ಹತ್ತು ವರ್ಷದವರೆಗೆ, ಅಥವಾ ಜೀವಾವಧಿ. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 13ನೇ ಕಲಂ. ಹತ್ತು ವರ್ಷ ಅನ್ನೋದು ಮೇಲ್ಮಿತಿ, ಎಷ್ಟು ಕೊಡಬೇಕು ಅನ್ನೋದು ಜಡ್ಜ್ ಕೈಯಲ್ಲಿದೆ. ಕ್ಯಾಲಿಫೋರ್ನಿಯಾಗೂ ನಮಗೂ ಮುಖ್ಯ ವ್ಯತ್ಯಾಸ ಅದೇ. ಆದ್ರೆ ಹೊಸ ಸಂಹಿತೆಯ 303ನೇ ಕಲಂ ಗಮನಿಸಿದ್ರಾ? ಮೊದಲ ಸಲ ಕದ್ದು, ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದು, ಅದನ್ನ ವಾಪಸ್ ಕೊಟ್ರೆ, ಶಿಕ್ಷೆ ಬರೀ ಸಮುದಾಯ ಸೇವೆ. ಎರಡನೇ ಸಲಕ್ಕೆ ಕನಿಷ್ಠ ಒಂದು ವರ್ಷ ಕಠಿಣ ಸಜೆ, ಐದು ವರ್ಷದವರೆಗೆ ಹೋಗಬಹುದು. ಎರಡನೇ ಸಲ ಕದ್ದಿದ್ದು ಬಸ್ ಸ್ಟ್ಯಾಂಡಲ್ಲಿ ಒಂದು ಜೊತೆ ಚಪ್ಪಲಿಯಾದ್ರೂ ಆ ಒಂದು ವರ್ಷ ಕನಿಷ್ಠ. ಅಲ್ಲಿ ಜಡ್ಜ್ ಕೈ ಕಟ್ಟಿದೆ.

ಇನ್ನು ನಮ್ಮ ಬ್ರಿಟಿಷರು 1871ರಲ್ಲಿ ಇಡೀ ಸಮುದಾಯಗಳನ್ನೇ ಹುಟ್ಟು ಕಳ್ಳರು ಅಂತ ಬರೆದಿಟ್ಟಿದ್ದು, 1952ರಲ್ಲಿ ಆ ಕಾನೂನು ಹೋದ ಮೇಲೆ ರಾಜ್ಯಗಳಲ್ಲಿ ‘ರೂಢಿಗತ ಅಪರಾಧಿ’ ಕಾನೂನುಗಳು ಅದರ ಜಾಗದಲ್ಲಿ ಬಂದಿದ್ದು, ಠಾಣೆಗಳ ರೌಡಿ ಶೀಟು, ಇದೆಲ್ಲ ಇನ್ನೊಂದು ದೊಡ್ಡ ಕಥೆ. ಅದು ಮುಂದಿನ ಸಂಚಿಕೆಗೆ. ನಿಮ್ಮ ಊರಿನ ಹಿರಿಯರು ಆ ಕಾಲದ ಹಾಜರಿ ಪುಸ್ತಕ, ಸೆಟ್ಲ್‌ಮೆಂಟ್ ಬೇಲಿ ಬಗ್ಗೆ ಏನಾದ್ರೂ ಹೇಳಿದ್ರೆ ನಮಗೆ ವಾಯ್ಸ್ ನೋಟ್ ಕಳಿಸಿ.